ಎರಡೂವರೆ ಲಕ್ಷಕ್ಕೆ ಮೋಷನ್ ರಿಗ್: ಯಾವ್ದು ತಗೋಬೇಕು, ಯಾವಾಗ ತಗೋಬೇಕು

ಪ್ರಶ್ನೆ: ನಮಸ್ತೆ ಸಾರ್, ನಾನು ಮಂಡ್ಯದವನು, ವಯಸ್ಸು 27. ಎರಡು ವರ್ಷದಿಂದ ಲಾಜಿಟೆಕ್ ಜಿ29 ಸ್ಟೀರಿಂಗ್ ವೀಲು, ಪೆಡಲ್ ಇಟ್ಕೊಂಡು ಪಿಸಿಲಿ ಕಾರ್ ರೇಸಿನ ಅಸೆಟ್ಟೊ ಕೋರ್ಸಾ ಕಾಂಪಿಟಿಜಿಯೋನೆ, ಎಫ್1 ಗೇಮ್ ಎರಡೂ ಆಡ್ತಿದೀನಿ. ವೀಲ್ ಕಟ್ಟಿರೋದು ಫೋಲ್ಡಿಂಗ್ ಸ್ಟ್ಯಾಂಡಿಗೆ, ಕೂರೋಕೆ ಆಫೀಸ್ ಚೇರು. ಈಗ ಎರಡೂವರೆ ಲಕ್ಷ ಕೂಡಿಟ್ಟಿದೀನಿ, ಮೋಷನ್, ಅಂದ್ರೆ ಗೇಮಿನ ಕಾರಿಗೆ ತಕ್ಕಂಗೆ ಸೀಟೂ ಅಲ್ಲಾಡೋ ಮಷಿನ್ನು, ಹಾಕಿಸ್ಬೇಕು ಅಂತ ಆಸೆ. ಬೆಂಗಳೂರಲ್ಲಿ ಒಬ್ರು ಸೀಟ್ ಕೆಳಗೆ ಕೂರೋ 2 ಡಿಓಎಫ್ (ಎರಡು ಥರ ಚಲಿಸೋದು) ಸೆಕೆಂಡ್ ಹ್ಯಾಂಡ್ ಕೊಡ್ತೀನಿ ಅಂತಿದಾರೆ. ಫ್ರೆಂಡ್ಸು ನಾಕು ಆಕ್ಚುಯೇಟರ್ (ಎತ್ತಿ ಇಳಿಸೋ ಮೋಟಾರ್ ಕಾಲು) ಇರೋದೇ ಹಾಕ್ಸು ಅಂತಾರೆ, ಇನ್ನೊಬ್ಬ ಸಾಲ ಮಾಡಾದ್ರೂ 6 ಡಿಓಎಫ್ ತಗೋ ಅಂತಾನೆ. ಯಾವ್ದು ಸರಿ? ಮನೆ ಮೊದಲ್ನೇ ಮಹಡಿ, ಕೆಳಗೆ ಅಪ್ಪ ಅಮ್ಮ ಇರೋದು. ಮನೆ ಅಲ್ಲಾಡುತ್ತೆ ಅಂತ ಅಮ್ಮ ಈಗ್ಲೇ ಬೈತಿದಾರೆ.

ಉತ್ತರ: ಅಮ್ಮ ಹೇಳಿದ್ದು ಅರ್ಧ ಸರಿ ಗುರು, ಅದಕ್ಕೆ ಕೊನೇಲಿ ಬರ್ತೀನಿ. ಮೊದ್ಲು ನೇರವಾಗಿ ಹೇಳ್ಬಿಡ್ತೀನಿ, ಯಾಕೆ ಅಂತ ಆಮೇಲೆ. ಆ ಮೂರರಲ್ಲಿ ಈಗ ಯಾವ್ದೂ ಬೇಡ. ತಗೊಳ್ಳೋ ದಿನ ಬಂದಾಗ ನಾಕು ಮೂಲೆಗೆ ನಾಕು ಆಕ್ಚುಯೇಟರ್ ಇರೋದು ತಗೊಳಿ, ಎತ್ತರ ಕಮ್ಮಿ ಎತ್ತಿದ್ರೂ ಪರವಾಗಿಲ್ಲ, ಆದ್ರೆ ಚುರುಕಾಗಿರ್ಬೇಕು. 6 ಡಿಓಎಫ್ ಹೇಳಿದ ಫ್ರೆಂಡ್‌ನ ಕೇಳಿ, ಸಾಲದ ಕಂತು ಅವ್ರು ಕಟ್ತಾರಾ ಅಂತ.

ನಾನು ಹೊಟ್ಟೆಪಾಡಿಗೆ ಮಾಡೋದು ಮೈಸೂರಿನ ಹೆಬ್ಬಾಳ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಸಿಎನ್‌ಸಿ ಮಷಿನ್‌ಗಳ ಸರ್ವೋ ಡ್ರೈವ್ ರಿಪೇರಿ. ಹಗಲೆಲ್ಲಾ ಬಾಲ್ ಸ್ಕ್ರೂ (ಮೋಟಾರಿನ ಸುತ್ತನ್ನ ನೇರ ಚಲನೆ ಮಾಡೋ ಸ್ಕ್ರೂ), ಸರ್ವೋ ಮೋಟಾರ್ (ಹೇಳಿದಷ್ಟೇ ತಿರುಗಿ ನಿಲ್ಲೋ ಮೋಟಾರ್) ಜೊತೆ ಗುದ್ದಾಡಿ ರಾತ್ರಿ ಮನೆಗ್ ಬಂದು ಅದೇ ಸರ್ವೋ ಮೋಟಾರ್ ಮೇಲೆ ಕೂತ್ಕೊಂಡು ಆಡ್ತೀನಿ, ಮನೆಯೋರಿಗೆ ಇದೊಂದು ಅರ್ಥ ಆಗಲ್ಲ. ಹಂಗಾಗಿ ಸ್ವಲ್ಪ ಮಷಿನ್ ಕಡೆಯಿಂದ್ಲೇ ಹೇಳ್ತೀನಿ, ಬೇಜಾರಾಗ್ಬೇಡಿ.

ಎಲ್ರೂ ಮಾಡೋ ತಪ್ಪು ಏನು ಅಂದ್ರೆ, ಮೋಷನ್ ಹಾಕ್ಸಿದ್ರೆ ನಿಜವಾದ ಕಾರಲ್ಲಿ ಮೈ ಎಳ್ದಂಗೆ ಎಳೆಯುತ್ತೆ ಅಂದ್ಕೊಳ್ಳೋದು. ಎಳೆಯಲ್ಲ. ಚಾಮರಾಜನಗರ ದಾಟಿ ಸತ್ಯಮಂಗಲದ ಕಡೆ ದಿಂಬಂ ಘಾಟ್ ಇಳಿಯೋ ಬಸ್ಸಲ್ಲಿ ಹೋಗಿದ್ರೆ ನೆನಪು ಮಾಡ್ಕೊಳಿ, 27 ಹೇರ್‌ಪಿನ್ ತಿರುವು, ಒಂದೊಂದು ತಿರುವಲ್ಲೂ ಪಕ್ಕದೋರ ಮೇಲೆ ಬೀಳ್ತಾ ಹೋಗ್ತೀರ, ಬಸ್ ಪೂರ್ತಿ ತಿರುಗೋ ತನಕ ಆ ಎಳೆತ ಬಿಡಲ್ಲ. ಈಗ ಲೆಕ್ಕ ಹಾಕಿ. ಜಿ ಅಂದ್ರೆ ಭೂಮಿ ನಮ್ಮನ್ನ ಎಳೆಯೋ ಅಷ್ಟು ಎಳೆತ. ಅರ್ಧ ಜಿ ಎಳೆತವನ್ನ ಐದು ಸೆಕೆಂಡ್ ನಿಮಗೆ ನಿಜವಾಗಿ ಕೊಡ್ಬೇಕು ಅಂದ್ರೆ ನಿಮ್ ಸೀಟು ಪಕ್ಕಕ್ಕೆ ಸುಮಾರು 60 ಮೀಟರ್ ಓಡ್ಬೇಕು. ಯಾರ ಮನೇಲಿ 60 ಮೀಟರ್ ಉದ್ದದ ರೂಮಿದೆ ಹೇಳಿ, ಅರಮನೆಯೋರಿಗಷ್ಟೇ ಆಗೋದು ಅದು.

ಅದಕ್ಕೆ ಸಿಮ್ಯುಲೇಟರ್ ಮಾಡೋರು ಒಂದು ಕಳ್ಳಾಟ ಆಡ್ತಾರೆ. ನಮ್ಮ ಒಳಗಿವೀಲಿ ಎರಡು ಥರದ ಅಂಗ ಇದೆ. ಅರ್ಧಚಂದ್ರದ ನಾಳಗಳು ತಿರುಗೋದನ್ನ ಹಿಡಿಯುತ್ವೆ, ಇನ್ನೊಂದರಲ್ಲಿ ಸುಣ್ಣದ ಸಣ್ಣ ಸಣ್ಣ ಹರಳಿರುತ್ತೆ, ಅದು ಎಳೆತವನ್ನ ಹಿಡಿಯುತ್ತೆ. ಈ ಹರಳಿಗೆ ಒಂದು ದೌರ್ಬಲ್ಯ: ಕಾರು ಬ್ರೇಕ್ ಹಾಕಿ ನೀವು ಮುಂದಕ್ಕೆ ಹೋಗ್ತಿದೀರೋ, ಸುಮ್ನೆ ಮುಂದಕ್ಕೆ ಬಾಗಿ ಕೂತಿದೀರೋ, ಅದರ ಪಾಲಿಗೆ ಎರಡೂ ಒಂದೇ. ಅದಕ್ಕೆ ಸ್ಕ್ರೀನ್ ಮೇಲೆ ಕಾರು ಬ್ರೇಕ್ ಹಾಕೋವಾಗ ನಿಮ್ ಸೀಟನ್ನ ಮೆಲ್ಲಗೆ ಮುಂದಕ್ಕೆ ಬಾಗಿಸ್ತಾರೆ, ಭೂಮಿ ಎಳೆಯೋದನ್ನೇ ಮೆದುಳು ಬ್ರೇಕ್ ಅಂದ್ಕೊಳತ್ತೆ. ಒಳ್ಳೇ ಉಪಾಯ. ಆದ್ರೆ ಹತ್ತು ಡಿಗ್ರಿ ಬಾಗಿಸಿದ್ರೂ ಸಿಗೋದು 0.17 ಜಿ ಅಷ್ಟೇ. ಮಾಮೂಲಿ ರೋಡ್ ಕಾರು ಗಟ್ಟಿಯಾಗಿ ಬ್ರೇಕ್ ಹಾಕಿದ್ರೆ ಹತ್ರತ್ರ 1 ಜಿ, ಎಫ್1 ಕಾರು 5 ಜಿ ಮುಟ್ಟುತ್ತೆ. ಅಂದ್ರೆ ನೀವು ಎಷ್ಟೇ ದುಡ್ಡು ಸುರಿದ್ರೂ ಮನೇಲಿ ಸಿಗೋದು ಆ ಎಳೆತದ ವಾಸನೆ ಮಾತ್ರ, ಊಟ ಅಲ್ಲ.

ಹಂಗಾದ್ರೆ ಮೋಷನ್ ಯಾಕೆ ಬೇಕು? ಇಲ್ಲೇ ವಿಷ್ಯ ಇರೋದು. ದೊಡ್ಡ ಎಳೆತ ಸುಳ್ಳು, ಆದ್ರೆ ಸಣ್ಣ ಅಲುಗಾಟ ನಿಜ. ಕರ್ಬ್ (ಟ್ರಾಕ್ ಅಂಚಿನ ಉಬ್ಬು ಪಟ್ಟಿ) ಮೇಲೆ ಚಕ್ರ ಹತ್ತಿದಾಗ ಬರೋ ತಟ್ಟು, ರೋಡಿನ ಉಬ್ಬು ತಗ್ಗು, ಹಿಂದಿನ ಟೈರ್ ಹಿಡಿತ ಬಿಡೋ ಮುಂಚೆ ಸೀಟಲ್ಲಿ ಬರೋ ಸಣ್ಣ ನಡುಕ, ಇವೆಲ್ಲಾ ಕೆಲವೇ ಮಿಲಿಮೀಟರ್‌ ಆಟ, ಇವನ್ನ ಮನೆ ರಿಗ್ಗು, ಅಂದ್ರೆ ಸೀಟು ಪೆಡಲ್ ವೀಲ್ ಕಟ್ಟಿರೋ ಚೌಕಟ್ಟು, ಹಂಗಂಗೇ ಕೊಡಬಲ್ಲದು, ಸುಳ್ಳು ಹೇಳ್ದೆ. ಟ್ರಾಕ್ಟರಲ್ಲಿ ಕಬ್ಬು ಹೊಡೆಯೋ ಡ್ರೈವರ್‌ಗಳನ್ನ ನೋಡಿದೀರಲ್ಲ ನಿಮ್ಮೂರಲ್ಲಿ, ಹಿಂದಿನ ಟ್ರೈಲರ್ ಯಾವ ಗುಂಡೀಲಿ ಬಿತ್ತು ಅಂತ ಹಿಂದೆ ತಿರುಗಿ ನೋಡ್ದೆನೇ ಹೇಳ್ತಾರೆ, ಅವ್ರಿಗೆ ಅದು ಗೊತ್ತಾಗೋದು ಕಣ್ಣಿಂದ ಅಲ್ಲ, ಕುಂಡಿಯಿಂದ. ಕ್ಷಮಿಸಿ, ಬೇರೆ ಪದ ಇಲ್ಲ ಅದಕ್ಕೆ. ಮೋಷನ್ ಸಿಸ್ಟಮ್ ಆರಿಸೋವಾಗ ಎಷ್ಟು ಡಿಗ್ರಿ ವಾಲುತ್ತೆ ಅಂತ ಕೇಳ್ಬೇಡಿ, ಆ ಸುದ್ದೀನ ಎಷ್ಟು ಬೇಗ, ಎಷ್ಟು ಸ್ಪಷ್ಟವಾಗಿ ಕೆಳಗಿಂದ ತಲುಪಿಸುತ್ತೆ ಅಂತ ಕೇಳಿ.

ಈಗ ನಿಮ್ಮ ಆ ಸೆಕೆಂಡ್ ಹ್ಯಾಂಡ್ 2 ಡಿಓಎಫ್. ಸೀಟ್ ಮೂವರ್ ಅಂತಾರೆ ಇದಕ್ಕೆ, ಸೀಟ್ ಒಂದೇ ಅಲ್ಲಾಡೋದು, ಹಿಂದೆ ಮುಂದೆ ಬಾಗುತ್ತೆ, ಅಕ್ಕ ಪಕ್ಕ ವಾಲುತ್ತೆ, ಪಿಚ್ ಮತ್ತು ರೋಲ್. ನೆಕ್ಸ್ಟ್ ಲೆವೆಲ್ ರೇಸಿಂಗ್ ಅವ್ರ ಮೋಷನ್ ಪ್ಲಾಟ್‌ಫಾರ್ಮ್ ಈ ಜಾತಿಗೆ ಸೇರಿದ್ದು. ಚಿಕ್ಕ ರೂಮಿಗೆ ಒಳ್ಳೇದು, ಕರೆಂಟ್ ಕಮ್ಮಿ, ಮಾನಿಟರ್ ವೀಲ್ ಎಲ್ಲಾ ನಿಂತಲ್ಲೇ ನಿಂತಿರುತ್ವೆ. ಆದ್ರೆ ನಂಗೆ ಇದರಲ್ಲಿ ಎರಡು ತಕರಾರಿದೆ. ಒಂದು, ಮೇಲೆ ಕೆಳಗೆ ಹೋಗೋದು, ಅಂದ್ರೆ ಹೀವ್, ಅದೇ ಇಲ್ಲ, ರೋಡಿನ ಸುದ್ದಿ ಬರೋ ಮುಖ್ಯ ದಾರೀನೇ ಬಂದ್. ಎರಡು, ಸೀಟು ಅಲ್ಲಾಡುತ್ತೆ, ಪೆಡಲ್ ಅಲ್ಲಾಡಲ್ಲ. ಬ್ರೇಕ್ ಒತ್ತೋವಾಗ್ಲೇ ಸೀಟು ಬಾಗೋದ್ರಿಂದ ಕಾಲಿಗೂ ಪೆಡಲ್‌ಗೂ ಇರೋ ದೂರ ಬದಲಾಗ್ತಾ ಇರುತ್ತೆ, ನೀವು ಎಷ್ಟು ಒತ್ತಿದ್ರಿ ಅನ್ನೋ ಅಂದಾಜು ತಪ್ಪುತ್ತೆ. ನಿಜವಾದ ಕಾರಲ್ಲಿ ಸೀಟು ಪೆಡಲ್ ವೀಲ್ ಮೂರೂ ಒಂದೇ ತಗಡಿಗೆ ಕಟ್ಟಿರೋದು, ಒಟ್ಟಿಗೆ ಹೋಗ್ತವೆ ಒಟ್ಟಿಗೆ ಬರ್ತವೆ. ಇನ್ನೊಂದು ಮರ್ತಿದ್ದೆ, ಸೀಟ್ ಮೂವರ್ ಕೂರಿಸೋಕೂ ಒಂದು ಗಟ್ಟಿ ಕಾಕ್‌ಪಿಟ್ ಬೇಕೇ ಬೇಕು, ನಿಮ್ ಫೋಲ್ಡಿಂಗ್ ಸ್ಟ್ಯಾಂಡು ಆಫೀಸ್ ಚೇರಿಗೆ ಅದನ್ನ ಕಟ್ಟೋಕಾಗಲ್ಲ. ಅವ್ರು ಅದನ್ನ ಹೇಳಿದ್ರಾ?

ಆದ್ರೂ ಅಲ್ಲಿ ಹೋಗಿ ನೋಡ್ಲೇಬೇಕು ಅಂತಿದ್ರೆ, ಪವರ್ ಆನ್ ಮಾಡ್ಸಿ, ಸೀಟನ್ನ ಎರಡೂ ಕೈಯಲ್ಲಿ ಹಿಡಿದು ಗಟ್ಟಿಯಾಗಿ ಅಲ್ಲಾಡ್ಸಿ. ಮೋಟಾರ್ ಹಿಡ್ಕೊಂಡಿರೋವಾಗ್ಲೂ ಸೀಟು ಟಕ್ ಟಕ್ ಅಂತ ಆಡಿದ್ರೆ ಒಳಗಡೆ ಸವೆದಿದೆ ಅಂತ ಲೆಕ್ಕ. ನನ್ನ ಸ್ನೇಹಿತ ಒಬ್ರು ಹಿಂಗೇ ಒಂದು ತಂದಿದ್ರು, ಬ್ರೇಕ್ ಹಾಕಿದ ಮೇಲೆ ಒಂದು ಚೂರು ತಡವಾಗಿ ಸೀಟು ಬಾಗ್ತಿತ್ತು, ಎರಡು ಲ್ಯಾಪ್‌ಗೆ ತಲೆ ತಿರುಗೋದು. ಸಾಫ್ಟ್‌ವೇರ್ ಲೈಸೆನ್ಸ್ ನಿಮ್ ಹೆಸರಿಗೆ ಬರುತ್ತಾ ಅಂತಾನೂ ದುಡ್ಡು ಕೊಡೋ ಮುಂಚೆ ಕೇಳಿ.

6 ಡಿಓಎಫ್ ಬಗ್ಗೆ ಬೇಗ ಮುಗಿಸ್ತೀನಿ. ಆರು ಕಾಲಿನ ಆ ಮಷಿನ್‌ಗೆ ಸ್ಟೀವರ್ಟ್ ಪ್ಲಾಟ್‌ಫಾರ್ಮ್ ಅಂತಾರೆ, 1965ರಲ್ಲಿ ಸ್ಟೀವರ್ಟ್ ಅದರ ಬಗ್ಗೆ ಪೇಪರ್ ಬರೆದಿದ್ರಿಂದ ಆ ಹೆಸರು, ಆದ್ರೆ ಅದಕ್ಕೂ ಮುಂಚೆ 1954ರಲ್ಲೇ ಗಾಫ್ ಅನ್ನೋ ಎಂಜಿನಿಯರ್ ಡನ್ಲಪ್ ಕಂಪನೀಲಿ ಟೈರ್ ಟೆಸ್ಟ್ ಮಾಡೋಕೆ ಹಂಗಿರೋದೇ ಒಂದು ಕಟ್ಟಿದ್ರು. ನೋಡಿ, ಟೈರಿಗೋಸ್ಕರ ಹುಟ್ಟಿದ ಮಷಿನ್ನು ವಿಮಾನದ ಸಿಮ್ಯುಲೇಟರ್‌ಗೆ ಹೋಗಿ ಸುತ್ತಾಕ್ಕೊಂಡು ತಿರ್ಗಾ ಕಾರ್ ಆಟಕ್ಕೆ ಬಂತು. ಮುಂದೆ ಹಿಂದೆ ಜರಗೋದು, ಪಕ್ಕಕ್ಕೆ ಜರಗೋದು, ತಿರುಗೋದು ಎಲ್ಲಾ ಇದೆ ಇದರಲ್ಲಿ. ಆದ್ರೆ ಆರೂ ಕಾಲು ಎಲ್ಲಾ ಚಲನೆಗೂ ಹಂಚ್ಕೊಂಡು ಕೆಲಸ ಮಾಡೋದ್ರಿಂದ ಒಂದು ಕಡೆ ಜೋರಾಗಿ ಬಾಗಿರೋವಾಗ ಇನ್ನೊಂದು ಕಡೆಗೆ ಹೋಗೋಕೆ ಸ್ಟ್ರೋಕ್, ಅಂದ್ರೆ ಕಾಲು ಚಾಚೋ ದೂರ, ಉಳಿಯಲ್ಲ, ಚಿಕ್ಕ ಆರು ಕಾಲಿನ ಮಷಿನ್‌ಗಿಂತ ಒಳ್ಳೇ ನಾಕು ಕಾಲಿನದು ಕರ್ಬ್ ತಟ್ಟನ್ನ ಚೆನ್ನಾಗಿ ಕೊಡುತ್ತೆ ಅಂತ ನನ್ನ ಅನುಭವ. ದೊಡ್ಡದಕ್ಕೆ ಜಾಗ, ಕರೆಂಟು, ದುಡ್ಡು ಮೂರೂ ಬೇಕು, ಎರಡೂವರೆ ಲಕ್ಷ ಅದಕ್ಕೆ ಅಡ್ವಾನ್ಸೂ ಅಲ್ಲ. ಬುಡಿ ಅದನ್ನ.

ಈಗ ನಾಕು ಆಕ್ಚುಯೇಟರ್. ರಿಗ್‌ನ ನಾಕು ಮೂಲೇಲಿ ನಾಕು ಕಾಲು, ಎಲ್ಲಾ ಒಟ್ಟಿಗೆ ಎದ್ರೆ ಹೀವ್, ಮುಂದಿನ ಎರಡು ಇಳಿದ್ರೆ ಪಿಚ್, ಎಡದ ಎರಡು ಇಳಿದ್ರೆ ರೋಲ್, ಹಿಂಗೆ 3 ಡಿಓಎಫ್. ಇಡೀ ರಿಗ್ ಒಟ್ಟಿಗೆ ಹೋಗುತ್ತೆ, ಪೆಡಲ್ ದೂರ ಬದಲಾಗಲ್ಲ. ರೆಡಿಮೇಡಲ್ಲಿ ಕೆನಡಾದ ಡಿ-ಬಾಕ್ಸ್ ಹಳೇ ಹೆಸರು, ಅವ್ರದ್ದು ಒಂದೂವರೆ ಇಂಚ್ ಸ್ಟ್ರೋಕಿನ ಮಾಡೆಲ್ಲೂ ಇದೆ, ಬರೀ ಒಂದೂವರೆ ಇಂಚಾ ಅಂತ ಮೂಗು ಮುರೀಬೇಡಿ, ನಡುಕ ಮತ್ತೆ ಚಲನೆ ಎರಡನ್ನೂ ಒಂದೇ ಕಾಲಲ್ಲಿ ಕೊಡೋದ್ರಲ್ಲಿ ಅವ್ರು ನಿಸ್ಸೀಮರು. ಪೋಲೆಂಡಿನ ಕ್ಯೂಬಿಕ್ ಸಿಸ್ಟಮ್, ಅಮೆರಿಕದ ಸಿಗ್ಮಾ ಇಂಟಿಗ್ರೇಲ್ ಇವೂ ಇದಾವೆ. ಎಲ್ಲಾ ಹೊರಗಡೆಯಿಂದ ಬರ್ಬೇಕು, ಭಾರದ ಸಾಮಾನು, ಸಾಗಾಣಿಕೆ, ಕಸ್ಟಮ್ಸ್ ಎಲ್ಲಾ ಸೇರಿದ್ರೆ ವೆಬ್‌ಸೈಟಲ್ಲಿ ನೋಡಿದ ರೇಟು ಬರೀ ಮುನ್ನುಡಿ. ಕೆಟ್ಟೋದ್ರೆ ವಾಪಸ್ ಕಳ್ಸೋದು ಯಾರ ಖರ್ಚು ಅಂತ ಮೊದ್ಲೇ ಬರವಣಿಗೇಲಿ ಕೇಳ್ಕೊಳಿ.

ನಾನು ಹಾಕಿರೋದು ಎಸ್‌ಎಫ್‌ಎಕ್ಸ್-100. ಇದು ಕಂಪನಿ ಮಾಲಲ್ಲ, ಓಪನ್ ಡಿಸೈನು, ನಾವೇ ಕಟ್ಕೋಬೇಕು. 750 ವಾಟಿನ ನಾಕು ಸರ್ವೋ ಮೋಟಾರು, ಅದಕ್ಕೆ ನಾಕು ಡ್ರೈವು, 16 ಮಿಲಿಮೀಟರ್ ಬಾಲ್ ಸ್ಕ್ರೂ, ಅಲ್ಯೂಮಿನಿಯಮ್ ಪ್ರೊಫೈಲು, ಮೋಟಾರ್‌ಗಳಿಗೆ ಆಜ್ಞೆ ಕೊಡೋ ಒಂದು ಚಿಕ್ಕ ಆರ್ಡುಯಿನೋ ಬೋರ್ಡು, ಮಿಕ್ಕಿದ್ದು 3ಡಿ ಪ್ರಿಂಟ್ ಮಾಡಿರೋ ಪ್ಲಾಸ್ಟಿಕ್ ಭಾಗ. ಸ್ಟ್ರೋಕ್ 100 ಮಿಲಿಮೀಟರ್. ಇಲ್ಲಿ ಒಂದು ಸಣ್ಣ ಲೆಕ್ಕ ಹೇಳ್ತೀನಿ, ಯಾವ ಆಕ್ಚುಯೇಟರ್ ನೋಡಿದ್ರೂ ಇದೇ ಲೆಕ್ಕ ಹಾಕಿ. ಸ್ಕ್ರೂ ಒಂದು ಸುತ್ತಿಗೆ 5 ಮಿಲಿಮೀಟರ್ ಹೋಗೋದಾದ್ರೆ, ಮೋಟಾರ್ ನಿಮಿಷಕ್ಕೆ 3000 ಸುತ್ತು ತಿರುಗಿದ್ರೆ ಸೆಕೆಂಡಿಗೆ 50 ಸುತ್ತು, ಅಂದ್ರೆ 250 ಮಿಲಿಮೀಟರ್ ವೇಗ. ಬಲ ಎಷ್ಟು ಅಂದ್ರೆ, 2.4 ನ್ಯೂಟನ್ ಮೀಟರ್ ಮೋಟಾರ್‌ಗೆ ಒಂದೊಂದು ಕಾಲೂ 250 ಕೆಜಿ ಮೇಲೇ ಎತ್ತುತ್ತೆ. 10 ಮಿಲಿಮೀಟರ್ ಸ್ಕ್ರೂ ಹಾಕಿದ್ರೆ ವೇಗ ಡಬಲ್ಲು, ಬಲ ಅರ್ಧ. ನೀವು, ನಿಮ್ ರಿಗ್ಗು ಎಲ್ಲಾ ಸೇರಿ 200 ಚಿಲ್ರೆ ಕೆಜಿ, ನಾಕು ಕಾಲಿಗೆ ಹಂಚಿದ್ರೆ ಒಂದಕ್ಕೆ 50, 60 ಕೆಜಿ. ಅಂದ್ರೆ ಬಲ ಬೇಕಾದಷ್ಟಿದೆ, ಕೊರತೆ ಬೀಳೋದು ವೇಗಕ್ಕೆ. ಮಾರೋರು 'ಇಷ್ಟು ಕೆಜಿ ಎತ್ತುತ್ತೆ ಸಾರ್' ಅಂತ ಎದೆ ತಟ್ಟಿದ್ರೆ ತಲೆ ಆಡ್ಸಿ, ಸೆಕೆಂಡಿಗೆ ಎಷ್ಟು ಮಿಲಿಮೀಟರ್ ಅಂತ ಕೇಳಿ, ಅಲ್ಲಿ ಮಾತು ನಿಲ್ಲುತ್ತೆ.

ವಾಲೋದನ್ನೂ ಲೆಕ್ಕ ಹಾಕೋಣ. ಮುಂದಿನ ಕಾಲಿಗೂ ಹಿಂದಿನ ಕಾಲಿಗೂ 1.2 ಮೀಟರ್ ಇದ್ರೆ 100 ಮಿಲಿಮೀಟರ್‌ಗೆ ಪಿಚ್ ಐದು ಡಿಗ್ರೀನೂ ಬರಲ್ಲ, ಅಗಲ 60 ಸೆಂಟಿಮೀಟರ್ ಇದ್ರೆ ರೋಲ್ ಒಂಬತ್ತೂವರೆ ಡಿಗ್ರಿ. ಸಾಕಾಗುತ್ತೆ. ನಾನಂತೂ ಆ 100ರಲ್ಲಿ ಅರ್ಧದ ಮೇಲೆ ಬಳಸಲ್ಲ. ಹಿಂದಿನ ಭಾಗ ಜಾರೋದು ಗೊತ್ತಾಗ್ಬೇಕು ಅಂದ್ರೆ ಟ್ರಾಕ್ಷನ್ ಲಾಸ್ ಅಂತ ಇನ್ನೊಂದು ಸೇರಿಸ್ಬಹುದು, ರಿಗ್ಗಿನ ಹಿಂಭಾಗವನ್ನ ಅಡ್ಡಡ್ಡ ಎಳೆಯೋ ಐದನೇ ಮೋಟಾರು. ರ್‍ಯಾಲಿ, ಡ್ರಿಫ್ಟ್ ಆಡೋರಿಗೆ ಅದು ಹಬ್ಬ. ಅಸೆಟ್ಟೊ ಕೋರ್ಸಾದಲ್ಲಿ ಜಿಟಿ3 ಥರದ ಸ್ಪೋರ್ಟ್ಸ್ ಕಾರ್ ಆಡೋ ನಿಮಗೆ ಆಮೇಲೆ ನೋಡ್ಕೊಂಡ್ರಾಯ್ತು.

ವೈಪರ್ ಮೋಟಾರ್ ಹಾಕಿ ಕಟ್ಟೋ ಅಗ್ಗದ ಡಿಸೈನೂ ಸಿಗುತ್ತೆ, ಗುಜರಿಯಿಂದ ಕಾರಿನ ಮೋಟಾರ್ ತಂದು ಲಿವರ್ ಹಾಕೋದು. ಕಲಿಯೋಕೆ ಒಳ್ಳೇದು, ಕಾಲೇಜ್ ಪ್ರಾಜೆಕ್ಟ್‌ಗೆ ಇನ್ನೂ ಒಳ್ಳೇದು. ಗೇರಲ್ಲಿ ಸಡಿಲ ಇರುತ್ತೆ, ಸದ್ದು ಮಿಕ್ಸಿ ಥರ, ಸಣ್ಣ ನಡುಕ ಎಲ್ಲಾ ಆ ಸಡಿಲದಲ್ಲೇ ಕಳೆದೋಗುತ್ತೆ. ನಾನು ಮೊದ್ಲು ಕಟ್ಟಿದ್ದು ಅದೇ, ಆರು ತಿಂಗಳಿಗೆ ಬಿಚ್ಚಿ ಎಸ್ದೆ.

ಇಷ್ಟೆಲ್ಲಾ ಹೇಳಿ ಈಗ ಬೇಡ ಅಂತ ಯಾಕಂದೆ? ನಿಮ್ ಜಿ29ರ ಬ್ರೇಕ್ ಪೆಡಲ್ ಎಷ್ಟು ದೂರ ಹೋಯ್ತು ಅಂತ ಅಳೆಯುತ್ತೆ, ಎಷ್ಟು ಬಲವಾಗಿ ಒತ್ತಿದ್ರಿ ಅಂತ ಅಳೆಯಲ್ಲ. ನಮ್ ಕಾಲಿಗೆ ದೂರ ನೆನಪಿರಲ್ಲ, ಒತ್ತಡ ನೆನಪಿರುತ್ತೆ. ಅದಕ್ಕೆ ಮೊದ್ಲು ತಗೋಬೇಕಾದ್ದು ಒತ್ತಡ ಅಳೆಯೋ ಲೋಡ್ ಸೆಲ್ ಪೆಡಲ್. ಇದೊಂದು ಹಾಕಿದ್ರೆ ಸಿಗೋ ಲ್ಯಾಪ್ ಟೈಮು ಯಾವ ಮೋಷನ್ನೂ ಕೊಡಲ್ಲ, ಇನ್ನೂ ಹೇಳ್ಬೇಕು ಅಂದ್ರೆ ಆನ್‌ಲೈನ್ ರೇಸಿಂಗಲ್ಲಿ ಮೇಲಿರೋ ಆಟಗಾರರಲ್ಲಿ ಹೆಚ್ಚಿನೋರು ಅಲ್ಲಾಡದೇ ಇರೋ ರಿಗ್ಗಲ್ಲೇ ಕೂತಿರ್ತಾರೆ. ಮೋಷನ್ ಸಂತೋಷಕ್ಕೆ, ಅದನ್ನ ಒಪ್ಕೊಂಡು ತಗೋಬೇಕು. ಎರಡ್ನೇದು ಡೈರೆಕ್ಟ್ ಡ್ರೈವ್ ವೀಲ್ (ಬೆಲ್ಟು ಗೇರು ಇಲ್ದೆ ನೇರ ಮೋಟಾರಿಗೇ ಕಟ್ಟಿರೋದು), 8, 9 ನ್ಯೂಟನ್ ಮೀಟರಿಂದು ಸಾಕು, ಮೋಝಾ ಆರ್9, ಫನಾಟೆಕ್ ಸಿಎಸ್‌ಎಲ್ ಡಿಡಿ ಈ ಮಟ್ಟದ್ದು. ಮೂರ್ನೇದು, ಇದೇ ಮುಖ್ಯ, 40 ಸೀರೀಸ್ ಅಲ್ಯೂಮಿನಿಯಮ್ ಪ್ರೊಫೈಲ್ ರಿಗ್ಗು. ಬೆಂಗಳೂರಿನ ಪೀಣ್ಯದಲ್ಲಿ ಅಳತೆ ಕೊಟ್ರೆ ಕಟ್ ಮಾಡಿಸ್ಕೊಂಡು ಬರಬಹುದು. ಕೆಳಗಡೆ ಫ್ರೇಮಿಗೆ 40-80 ಅಥವಾ ಅದಕ್ಕಿಂತ ದಪ್ಪ ಹಾಕ್ಸಿ. ರಿಗ್ಗು ಬಳುಕಿದ್ರೆ ಆಕ್ಚುಯೇಟರ್ ಕೊಟ್ಟ ತಟ್ಟನ್ನೆಲ್ಲಾ ಅದೇ ನುಂಗ್ಬಿಡುತ್ತೆ, ಸಡಿಲ ಮಂಚದ ಮೇಲೆ ಕೂತಂಗಿರುತ್ತೆ. ಸೀಟಿಗೆ ಹೊಸದು ಬೇಡ, ಗುಜರೀಲಿ ಯಾವ್ದಾದ್ರೂ ಹ್ಯಾಚ್‌ಬ್ಯಾಕ್ ಕಾರಿನ ಡ್ರೈವರ್ ಸೀಟು ರೈಲ್ ಸಮೇತ ಸಿಗುತ್ತೆ, ಬೆನ್ನಿಗೂ ಹಿತ.

ಅದರ ಜೊತೆಗೆ ಬಾಸ್ ಶೇಕರ್, ಸದ್ದಿನ ಬದ್ಲು ನಡುಕ ಕೊಡೋ ಸ್ಪೀಕರ್ ಥರದ್ದು. ಸೀಟ್ ಕೆಳಗೊಂದು, ಪೆಡಲ್ ತಟ್ಟೆ ಕೆಳಗೊಂದು. ಡೇಟನ್ ಆಡಿಯೋದ ಬಿಎಸ್‌ಟಿ-1 ಅಥವಾ ಅವ್ರದ್ದೇ ಚಿಕ್ಕ ಬಿಲ್ಲೆ ಥರದ್ದು ಟಿಟಿ25, ಇಲ್ಲಾ ಬಟ್‌ಕಿಕ್ಕರ್. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಸಿಗೋ ಸಣ್ಣ ಆಂಪ್ಲಿಫೈಯರ್ ಸಾಕು. ಪಿಸಿಲಿ ಸಿಮ್‌ಹಬ್ ಅಂತ ಸಾಫ್ಟ್‌ವೇರ್ ಹಾಕ್ಕೊಳಿ, ನಿಮ್ ಎರಡೂ ಗೇಮಿಂದ ಸಸ್ಪೆನ್ಷನ್, ಟೈರ್ ಸ್ಲಿಪ್, ಎಂಜಿನ್ ಆರ್‌ಪಿಎಮ್ ಎಲ್ಲಾ ಎಳ್ಕೊಂಡು ಶೇಕರ್‌ಗೆ ಕೊಡುತ್ತೆ, ಎಫ್1 ಗೇಮಲ್ಲಿ ಸೆಟ್ಟಿಂಗ್ಸಿಗೆ ಹೋಗಿ ಯುಡಿಪಿ ಟೆಲಿಮೆಟ್ರಿ (ಗೇಮಿನ ಕಾರಿನ ಮಾಹಿತಿ ಹೊರಗೆ ಕಳ್ಸೋದು) ಆನ್ ಮಾಡ್ಬೇಕು, ಪೋರ್ಟ್ 20777. ಒಂದೇ ಮಾತು, ಎಂಜಿನ್ ನಡುಕ ಆಫ್ ಮಾಡ್ಬಿಡಿ. ಎಲ್ರೂ ಮೊದಲ್ನೇ ದಿನ ಅದನ್ನ ಫುಲ್ ಇಡ್ತಾರೆ, ರಾಜ್ದೂತ್ ಗಾಡಿ ಮೇಲೆ ಕೂತಂಗಿರುತ್ತೆ, ಆ ಗದ್ದಲದಲ್ಲಿ ವೀಲ್ ಲಾಕ್ ಆಗಿದ್ದು ಗೊತ್ತಾಗಲ್ಲ. ಎಬಿಎಸ್, ವೀಲ್ ಲಾಕು, ಸ್ಲಿಪ್ಪು, ಕರ್ಬು, ಈ ನಾಕೇ ಇಟ್ಕೊಳಿ. ಆರು ತಿಂಗಳು ಹಿಂಗೆ ಆಡಿ. ನಿಮ್ ಎರಡೂವರೇಲಿ ಅರ್ಧದ ಮೇಲೆ ಇಲ್ಲಿಗೆ ಹೋಗುತ್ತೆ, ಉಳಿದಿದ್ದು ಬ್ಯಾಂಕಲ್ಲಿರಲಿ, ನಾಕು ಕಾಲಿನ ಫಂಡು ಅದು. ಆಮೇಲೆ ಆಕ್ಚುಯೇಟರ್ ಬಂದಾಗ ಇದ್ಯಾವ್ದೂ ವೇಸ್ಟ್ ಆಗಲ್ಲ, ಅದೇ ರಿಗ್ಗಿನ ಮೂಲೆಗೆ ಕಾಲು ಕಟ್ಟೋದಷ್ಟೇ.

ಕರೆಂಟಿನ ವಿಷ್ಯಕ್ಕೆ ಬರೋಣ, ಇದರಲ್ಲಿ ಹುಡುಗಾಟ ಬೇಡ. 750 ವಾಟಿನ ನಾಕು ಮೋಟಾರ್ ಅಂದ್ರೆ ಬೋರ್ಡ್ ಮೇಲಿನ ಲೆಕ್ಕ 3000 ವಾಟ್. ಸರಾಸರಿ ಅಷ್ಟು ತಿನ್ನಲ್ಲ, ಕೆಲವು ನೂರು ವಾಟ್ ಅಷ್ಟೇ, ಆದ್ರೆ ಜಿಗಿತ ಬಂದಾಗ ಒಂದು ಕ್ಷಣಕ್ಕೆ ಜೋರಾಗಿ ಎಳೆಯುತ್ತೆ. ಗೀಸರ್‌ಗೆ ಹಾಕೋ 16 ಆಂಪ್ ಪಾಯಿಂಟು, ಬೇರೆ ವೈರಲ್ಲಿ, ಬೇರೆ ಎಂಸಿಬಿ ಹಾಕ್ಸಿ ಎಳ್ಸಿ. ಅರ್ಥಿಂಗ್ ಚೆಕ್ ಮಾಡ್ಸಿ, ಮೂರ್ನೇ ಪಿನ್ ಕಿತ್ತಾಕಿ ಎರಡು ಪಿನ್ನಿಗೆ ಸಿಕ್ಕಿಸೋ ಬುದ್ಧಿವಂತಿಕೆ ಬೇಡ. ಮನೆ ಇನ್ವರ್ಟರ್‌ಗೆ ಇದನ್ನ ಕೊಡ್ಲೇಬೇಡಿ, ಪಿಸಿಗೆ ಬೇಕಾದ್ರೆ ಒಂದು ಯುಪಿಎಸ್ ಇಟ್ಕೊಳಿ. ಕರೆಂಟ್ ಹೋದ್ರೆ ಬಾಲ್ ಸ್ಕ್ರೂಗೆ ತಾನಾಗೇ ಲಾಕ್ ಆಗೋ ಗುಣ ಇಲ್ಲ, ರಿಗ್ಗು ನಿಮ್ಮನ್ನ ಕೂರಿಸ್ಕೊಂಡೇ ಕೆಳಗೆ ಇಳಿದುಬಿಡುತ್ತೆ, ಆವಾಗ ಕೆಳಗೆ ಯಾರ ಕಾಲೂ ಕೈಯೂ ಇರಬಾರ್ದು.

ಅದಕ್ಕೇ ಎಮರ್ಜೆನ್ಸಿ ಸ್ಟಾಪ್ ಬಟನ್, ಅಣಬೆ ಥರದ ಕೆಂಪು ಬಟನ್ನು, ಕೈಗೆ ಎಟುಕೋ ಜಾಗದಲ್ಲಿ ಇರ್ಲೇಬೇಕು. ನಮ್ಮನೇಲಿ ಒಂದ್ಸಲ ನಮ್ಮತ್ತೆ ನೀರಿಟ್ಟಿದ್ದ ಸ್ಟೀಲ್ ಚೊಂಬು ಉರುಳ್ಕೊಂಡು ರಿಗ್ ಕೆಳಗೆ ಹೋಯ್ತು, ನಾನು ಹೆಡ್‌ಫೋನ್ ಹಾಕ್ಕೊಂಡಿದ್ದೆ, ಗೊತ್ತಾಗ್ಲಿಲ್ಲ. ಮುಂದಿನ ಕರ್ಬಿಗೆ ಚೊಂಬು ತಟ್ಟೆ ಆಗಿತ್ತು. ಅದನ್ನ ಈಗ್ಲೂ ಗೋಡೆಗೆ ನೇತಾಕಿದೀನಿ, ಮಕ್ಕಳನ್ನ ಕರ್ಕೊಂಡು ಬರೋರಿಗೆ ಮೊದ್ಲು ತೋರ್ಸೋದು ಅದನ್ನೇ. ಬೆಕ್ಕಿದ್ರೆ ಇನ್ನೂ ಹುಷಾರು, ಬೆಚ್ಚಗಿರೋ ಜಾಗ ಅಂತ ಹೋಗಿ ಮಲಗುತ್ವೆ.

ಇನ್ನೊಂದು ಕಾಟ, ಸರ್ವೋ ಆನ್ ಮಾಡಿದ್ ತಕ್ಷಣ ರೇಸ್ ಮಧ್ಯೆ ವೀಲ್ ಡಿಸ್ಕನೆಕ್ಟ್ ಆಗೋದು. ಜನ ವೀಲ್ ಕೆಟ್ಟಿದೆ ಅಂದ್ಕೊಂಡು ರಿಟರ್ನ್ ಮಾಡ್ತಾರೆ. ಅದು ಮೋಟಾರ್ ಕೇಬಲ್ಲಿಂದ ಬರೋ ಎಲೆಕ್ಟ್ರಿಕಲ್ ನಾಯ್ಸು, ಯುಎಸ್‌ಬಿ ಕೇಬಲ್ಲಿಗೆ ಹತ್ತುತ್ತೆ. ಫ್ಯಾಕ್ಟರೀಲಿ ನಾವು ಮಾಡೋದೇ ಇಲ್ಲೂ: ಮೋಟಾರ್ ಕೇಬಲ್ ಶೀಲ್ಡ್ ಇರೋದು, ಶೀಲ್ಡ್ ಅರ್ಥಿಗೆ ಸೇರಿರ್ಬೇಕು, ಯುಎಸ್‌ಬಿ ಕೇಬಲ್ಲು ಮೋಟಾರ್ ಕೇಬಲ್ ಜೊತೆ ಒಂದೇ ಕಟ್ಟಲ್ಲಿ ಹೋಗ್ಬಾರ್ದು, ನಾಯ್ಸ್ ತಡೆಯೋ ಫೆರೈಟ್ ಉಂಗುರ ಹಾಕಿ. ನಂಗೆ ಇದಕ್ಕೇ ಎರಡು ವಾರ ಹೋಯ್ತು, ಅದೂ ಇದೇ ಕೆಲಸ ಮಾಡೋನಿಗೆ.

ಸೆಟ್ಟಿಂಗು ಹೆಂಗೆ ಅಂದ್ರೆ, ಮೊದ್ಲು ಹೀವ್ ಒಂದನ್ನೇ ಆನ್ ಮಾಡಿ, 20 ಪರ್ಸೆಂಟಿಂದ ಶುರು ಮಾಡಿ. ಟೆಸ್ಟಿಗೆ ಐರೇಸಿಂಗ್ ಅನ್ನೋ ಗೇಮ್ ಇದ್ರೆ ಸೀಬ್ರಿಂಗ್ ಟ್ರಾಕ್ ಹಾಕಿ, ಅಮೆರಿಕದ ಫ್ಲೋರಿಡಾದಲ್ಲಿರೋದು, ಎರಡನೇ ಮಹಾಯುದ್ಧದ ಏರ್‌ಫೀಲ್ಡು, ಹಳೇ ಕಾಂಕ್ರೀಟ್ ಚಪ್ಪಡಿ ಮೇಲೇ ರೇಸು, ಅದರ ಸಂದು ಸಂದಲ್ಲೂ ಟಪ್ ಟಪ್ ಅನ್ನುತ್ತೆ. ಆ ಚಪ್ಪಡಿಗಳನ್ನ ಕಣ್ಣು ಮುಚ್ಚಿ ಎಣಿಸೋಕಾದ್ರೆ ನಿಮ್ ಹೀವ್ ಸರಿ ಇದೆ. ನೀವು ಆಡೋ ಅಸೆಟ್ಟೊ ಕೋರ್ಸಾದಲ್ಲಾದ್ರೆ ಜರ್ಮನಿಯ ನ್ಯೂರ್ಬರ್ಗ್‌ರಿಂಗಿನ ನಾರ್ಡ್‌ಶ್ಲೈಫ ಟ್ರಾಕ್, ಒಂದು ಲ್ಯಾಪಲ್ಲೇ ಎಲ್ಲಾ ಥರದ ರೋಡೂ ಸಿಗುತ್ತೆ. ಆಮೇಲೆ ಪಿಚ್, ಆಮೇಲೆ ರೋಲ್. ನಡುಕ ಒರಟಾಗಿದೆ ಅಂತ ಸ್ಮೂಥಿಂಗ್, ಅಂದ್ರೆ ಚಲನೆ ನಯ ಮಾಡೋ ಸೆಟ್ಟಿಂಗ್, ಏರಿಸ್ಬೇಡಿ, ಅದು ಏರಿದಷ್ಟೂ ಚಲನೆ ತಡ ಆಗುತ್ತೆ, ಕಣ್ಣು ಒಂದು ಹೇಳುತ್ತೆ, ಕಿವಿ ಆಮೇಲೆ ಇನ್ನೊಂದು ಹೇಳುತ್ತೆ, ಆ ಜಗಳದಲ್ಲಿ ಹೊಟ್ಟೆ ತೊಳಸುತ್ತೆ. ಬಲ ಕಮ್ಮಿ ಮಾಡಿ, ತಡ ಮಾಡ್ಬೇಡಿ. ನಾನು ಮೊದಲ್ನೇ ದಿನ ಎಲ್ಲಾ 100ಕ್ಕೆ ಇಟ್ಟು ಭಾವಮೈದನ್ನ ಕೂರಿಸಿದ್ದೆ, ಅವ್ನು ಆಗತಾನೇ ಎರಡು ಮಸಾಲೆ ದೋಸೆ ತಿಂದು ಬಂದಿದ್ದ. ಬೇಡ ಬಿಡಿ ಆ ಕತೆ.

ವಿಆರ್ ಹಾಕೋ ಯೋಚನೆ ಇದ್ರೆ ಒಂದು ಗೊತ್ತಿರಲಿ, ರಿಗ್ ಎತ್ತಿದಾಗ ನಿಮ್ ತಲೇನೂ ಮೇಲೆ ಹೋಗುತ್ತೆ, ಹೆಡ್‌ಸೆಟ್ಟು ನೀವೇ ತಲೆ ಎತ್ತಿದ್ರಿ ಅಂದ್ಕೊಳತ್ತೆ, ಕಾರಿನ ಡ್ಯಾಶ್‌ಬೋರ್ಡ್ ಕಣ್ಣ ಮುಂದೆ ಈಜೋಕೆ ಶುರು ಮಾಡುತ್ತೆ. ಮೋಷನ್ ಕಾಂಪನ್ಸೇಷನ್ ಅಂತ ಸಾಫ್ಟ್‌ವೇರ್ ಹಾಕಿ ಅದನ್ನ ಕಳೀಬೇಕು. ಮಾನಿಟರಾದ್ರೆ ರಿಗ್ಗಿಗೆ ಕಟ್ಬೇಡಿ, ಬೇರೆ ಸ್ಟ್ಯಾಂಡ್ ಮೇಲೆ ಇಡಿ.

ಈಗ ಅಮ್ಮನ ವಿಷ್ಯ. ಭಾರಕ್ಕೆ ಹೆದರ್ಬೇಕಾಗಿಲ್ಲ. ಮನೆ ಆರ್‌ಸಿಸಿ ಮೋಲ್ಡಾಗಿದ್ರೆ, ಕಟ್ಟಡದ ಭಾರದ ಲೆಕ್ಕಕ್ಕಿರೋ ನಮ್ ದೇಶದ ಮಾನದಂಡ ಐಎಸ್ 875ರ ಪ್ರಕಾರ ಕಟ್ಟಿದ್ರೆ, ವಾಸದ ರೂಮಿಗೆ ಚದರ ಮೀಟರ್‌ಗೆ 200 ಕೆಜಿ ಲೆಕ್ಕ ಹಿಡಿದಿರ್ತಾರೆ. ಹತ್ತಡಿ ಹನ್ನೆರಡಡಿ ರೂಮು ಹತ್ರತ್ರ 11 ಚದರ ಮೀಟರ್, ಅಂದ್ರೆ ಎರಡು ಸಾವಿರ ಕೆಜಿ ಮೇಲೆ. ನಿಮ್ ರಿಗ್ಗು 200 ಚಿಲ್ರೆ. ಮನೆ ಹಳೇದು, ಮರದ ತೊಲೆ ಹಾಕಿರೋ ಮದ್ರಾಸ್ ತಾರಸಿ ಮೇಲೆ ಇಡ್ತೀನಿ ಅಂದ್ರೆ ಮಾತ್ರ ಬೇಡ, ಒಬ್ಬ ಎಂಜಿನಿಯರ್‌ಗೆ ತೋರಿಸದೇ ಇಡ್ಬೇಡಿ. ಅಮ್ಮಂಗೆ ತೊಂದ್ರೆ ಆಗೋದು ಭಾರದಿಂದ ಅಲ್ಲ, ಸದ್ದಿಂದ. ಕರ್ಬ್ ಹತ್ತಿದಾಗೆಲ್ಲಾ ಕೆಳಗಡೆ ರೂಮಲ್ಲಿ ಧಡ್ ಧಡ್ ಅಂತ ಮೇಲೆ ಯಾರೋ ರಾಗಿ ಬೀಸ್ತಿರೋ ಹಂಗೆ ಕೇಳುತ್ತೆ. ನಾನು ಕುವೆಂಪುನಗರದಲ್ಲಿ ಬಾಡಿಗೆಗೆ ಇದ್ದಾಗ ಕೆಳಗಿನ ಓನರ್ ಆಂಟಿ ಎರಡ್ನೇ ದಿನಾನೇ ಮೇಲೆ ಬಂದು, ಏನಪ್ಪಾ ಮನೇಲಿ ಗಿರಣಿ ಇಟ್ಟಿದೀಯಾ ಅಂದ್ರು.

ಆವಾಗ ಏನೇನೋ ರಬ್ಬರ್ ಹಾಕಿ ನೋಡ್ದೆ, ಯೋಗ ಮ್ಯಾಟಿಂದ ಹಿಡಿದು. ಕೊನೆಗೆ ಕೆಲಸ ಮಾಡಿದ್ದು ಹಸು ಮ್ಯಾಟು. ಹೌದು, ಕೊಟ್ಟಿಗೇಲಿ ಹಸು ಕೆಳಗೆ ಹಾಸೋ ದಪ್ಪ ರಬ್ಬರು, ನಿಮ್ ಮಂಡ್ಯದಲ್ಲಿ ಡೈರಿ ಸಾಮಾನು ಮಾರೋ ಅಂಗ್ಡೀಲೇ ಸಿಗುತ್ತೆ, ಅದನ್ನ ಬಿಟ್ಟು ಆನ್‌ಲೈನಲ್ಲಿ ಜಿಮ್ ಮ್ಯಾಟ್ ಅಂತ ದುಪ್ಪಟ್ಟು ಕೊಡ್ಬೇಡಿ. ಎರಡು ಪದರ ಹಾಕಿ, ಮೇಲೆ 18 ಮಿಲಿಮೀಟರ್ ಪ್ಲೈವುಡ್ ಹಲಗೆ, ಅದರ ಮೇಲೆ ರಿಗ್ಗಿನ ನಾಕು ಕಾಲು. ರೂಮಿನ ನಡುವೆ ಇಡ್ಬೇಡಿ, ಮೋಲ್ಡು ಅಲ್ಲೇ ಜಾಸ್ತಿ ಅಲ್ಲಾಡೋದು, ಗೋಡೆ ಹತ್ರ, ಕೆಳಗಡೆ ಬೀಮ್ ಇರೋ ಕಡೆ ಇಡಿ. ಸದ್ದು ಪೂರ್ತಿ ಹೋಗಲ್ಲ, ಅರ್ಧಕ್ಕೂ ಕೆಳಗೆ ಇಳಿಯುತ್ತೆ. ಇಲ್ಲಾಂದ್ರೆ ಅಪ್ಪ ಅಮ್ಮನ್ನ ಒಪ್ಪಿಸಿ ರೂಮ್ ಅದಲು ಬದಲು ಮಾಡ್ಕೊಳಿ, ರಿಗ್ ನೆಲದ ಮೇಲಿದ್ರೆ ಈ ಯಾವ ತಲೆನೋವೂ ಇಲ್ಲ.

ಲೋಡ್ ಸೆಲ್ಲು, ಪ್ರೊಫೈಲ್ ರಿಗ್ಗು, ಶೇಕರ್ ಆದ್ಮೇಲೆ ಆಕ್ಚುಯೇಟರ್‌ಗೆ ದುಡ್ಡು ಕಟ್ಟೋ ಮುಂಚೆ ಎಲ್ಲಾದ್ರೂ ಒಂದು ರಿಗ್ಗಲ್ಲಿ ಅರ್ಧ ಗಂಟೆ ಕೂತು ನೋಡಿ, ಐದು ನಿಮಿಷ ಸಾಲಲ್ಲ, ಐದು ನಿಮಿಷಕ್ಕೆ ಎಲ್ಲಾನೂ ಚೆನ್ನಾಗೇ ಇರುತ್ತೆ. ನಮ್ಮನೇಗೆ ಬಂದ್ರೂ ಆಯ್ತು, ಭಾನುವಾರ ಬೆಳಿಗ್ಗೆ ಬನ್ನಿ, ಮಧ್ಯಾಹ್ನ ಅತ್ತೆ ಮಲಗಿರ್ತಾರೆ. ದೋಸೆ ಮಾತ್ರ ಆಡಿದ್ ಮೇಲೆ.